ಆರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ ಬೇಕಾ?

ಮೊದಲ ಹಂತದ ಸ್ತನ ಕ್ಯಾನ್ಸರ್‌ಗೆ ಅಮ್ಮನ ಆಪರೇಷನ್, ರೇಡಿಯೇಷನ್ ಮುಗಿದು ಒಂದು ವರ್ಷ ಆಯ್ತು, ಲೆಟ್ರೊಜೋಲ್ (ಕ್ಯಾನ್ಸರ್ ಮರಳದಂತೆ ಈಸ್ಟ್ರೊಜನ್ ಹಾರ್ಮೋನ್ ತಗ್ಗಿಸುವ) ಮಾತ್ರೆ ನಡೀತಿದೆ, ಇನ್ನು ಆರು ತಿಂಗಳಿಗೊಮ್ಮೆ ಪೆಟ್ ಸ್ಕ್ಯಾನ್ (ಮೈಯಲ್ಲಿ ಎಲ್ಲಾದರೂ ಕ್ಯಾನ್ಸರ್ ಇದೆಯಾ ಹುಡುಕುವ ಸ್ಕ್ಯಾನ್) ಮಾಡಿಸಬೇಕಾ ಅಂತ ಕೇಳಿದ್ದೀರಿ.

ತೊಂದರೆ ಏನೂ ಇಲ್ಲದಿದ್ದರೆ ಬೇಡ. ಸುಮ್ನೆ ಧೈರ್ಯಕ್ಕೆ ಅಂತ ಪೆಟ್, ಬೋನ್ ಸ್ಕ್ಯಾನ್, ಟ್ಯೂಮರ್ ಮಾರ್ಕರ್ (ಕ್ಯಾನ್ಸರ್ ಸುಳಿವು ಹುಡುಕುವ ರಕ್ತ ಪರೀಕ್ಷೆ) ಮಾಡಿಸಿದರೆ ಆಯಸ್ಸು ಹೆಚ್ಚುವುದಿಲ್ಲ. ರಿಪೋರ್ಟಲ್ಲಿ ಏನೋ ಒಂದು ಚುಕ್ಕೆ ಕಂಡು ಮನೆಮಂದಿಗೆಲ್ಲ ನಿದ್ದೆ ಕೆಡುವುದೇ ಜಾಸ್ತಿ.

ಬೇಕಾದದ್ದು ಡಾಕ್ಟರ್ ಕೈಯಿಂದ ಪರೀಕ್ಷೆ: ಮೊದಲ 3 ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ 2 ವರ್ಷ 6ರಿಂದ 12 ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ. ಜೊತೆಗೆ ವರ್ಷಕ್ಕೊಂದು ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ). ಹಳೆಯ ಫಿಲ್ಮ್ ಎಸೆಯಬೇಡಿ, ಹೋಲಿಸಿ ನೋಡಲು ಬೇಕಾಗುತ್ತದೆ.

ಲೆಟ್ರೊಜೋಲ್ ಮೂಳೆ ಸವೆಸುತ್ತದೆ. ನಮ್ಮಲ್ಲಿ ಜನ ಮರೆಯುವುದು ಇದನ್ನೇ. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಆಗಿದೆಯಾ ಕೇಳಿ, ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ಕೀಲುನೋವು ಅಂತ ಅಮ್ಮ ಹೇಳದೇ ಮಾತ್ರೆ ಬಿಟ್ಟಿರಬಹುದು, ಸ್ಟ್ರಿಪ್ ತೆಗೆದು ಎಣಿಸಿ ನೋಡಿ. ನೋವಿಗೆ ಮಾತ್ರೆ ಬದಲಿಸಬಹುದು, ತಾವಾಗಿಯೇ ನಿಲ್ಲಿಸಬಾರದು.

ಆಪರೇಷನ್ ಆದ ಕಡೆಯ ಕೈ ಊದಿ ಬಳೆ ಬಿಗಿಯಾದರೆ, ಹೊಸ ಗಂಟು ಸಿಕ್ಕರೆ, ಬಿಡದ ಬೆನ್ನುನೋವು, ಉಬ್ಬಸ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮುಂದಿನ ತಾರೀಖಿಗೆ ಕಾಯಬೇಡಿ. ಸ್ಕ್ಯಾನ್ ಬೇಕಾಗುವುದು ಇಂಥ ಹೊತ್ತಲ್ಲೇ.

ತಪಾಸಣೆಗೆ ಪ್ರತಿ ಸಲ ಮೈಸೂರಿನ ಆಸ್ಪತ್ರೆಗೇ ಓಡಬೇಕಾ ಅಂದ್ರೆ, ನಡುವಿನ ಒಂದೆರಡು ತಪಾಸಣೆ ನಿಮಗೆ ಹತ್ತಿರದ ಮಂಡ್ಯದಲ್ಲೇ ಆಗುತ್ತಾ ಅಂತ ನಿಮ್ಮ ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರ್) ಹತ್ರ ಕೇಳಿ, ಅದನ್ನು ಫೈಲಿನಲ್ಲೇ ಬರೆಸಿಕೊಳ್ಳಿ.