ಅಕ್ಕನಿಗೆ ಕೊಟ್ಟ ಪುಸ್ತಕ

(ಸಲಹೆ ಕೇಳಿ ನನ್ನ ಹತ್ತಿರ ಬಂದ ಒಂದು ಮನೆಯವರ ಕಥೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹುಡುಗಿ ಎಂಟನೇ ಕ್ಲಾಸಿಗೆ ಹೊಸ ಶಾಲೆ ಸೇರಿದ್ದಳು. ಮನೆಯವರನ್ನು ಕರೆದ ಸ್ಕೂಲ್ ಡೇ ಚೀಟಿಯನ್ನು ಬ್ಯಾಗಿನ ತಳದಲ್ಲಿ, ಜಾಮಿಟ್ರಿ ಬಾಕ್ಸಿನ ಕೆಳಗೆ ಮಡಚಿಟ್ಟಿದ್ದು ಅಮ್ಮನ ಕೈಗೆ ಸಿಕ್ಕಿತು. "ಇವಳಿಗೆ ಕೊಬ್ಬು ಮೇಡಂ. ಸ್ವಂತ ತಮ್ಮನನ್ನ ಶಾಲೆಗೆ ಕರ್ಕೊಂಡು ಹೋಗೋಕೆ ನಾಚಿಕೆಯಂತೆ" ಎಂದರು ಅಮ್ಮ.

ತಮ್ಮನಿಗೆ ಎಂಟು ವರ್ಷ. ಹುಟ್ಟುವಾಗಲೇ ಸೀಳು ತುಟಿ, ಸೀಳು ಅಂಗುಳ. ಕೆಲವೇ ತಿಂಗಳಿದ್ದಾಗ ತುಟಿಯ ಆಪರೇಷನ್, ವರ್ಷ ತುಂಬುವ ಹೊತ್ತಿಗೆ ಅಂಗುಳದ್ದು. ಆಮೇಲೆ ಮಾತಿನ ತರಬೇತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಓಡಾಟ. ಆ ದಿನಗಳಲ್ಲೆಲ್ಲ ಮಗಳು ಅಜ್ಜಿ ಮನೆಯಲ್ಲಿ. ಅಲ್ಲಿ ಅಜ್ಜಿಯದು ಒಂದೇ ಮಾತು: "ನಿಮ್ಮಮ್ಮ ಬಸುರಿ ಇದ್ದಾಗ ಗ್ರಹಣದ ಹೊತ್ತಲ್ಲಿ ಹೊರಗೆ ಬಂದ್ಲು." ಹೊಟ್ಟೆಯೊಳಗೆ ಮೊದಲ ಮೂರು ತಿಂಗಳಲ್ಲಿ ಮುಖದ ಭಾಗಗಳು ಕೂಡಿಕೊಳ್ಳಬೇಕು, ಕೂಡದಿದ್ದರೆ ಸೀಳು ಉಳಿಯುತ್ತದೆ, ಗ್ರಹಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಅಮ್ಮ, ಮಗಳು ಇಬ್ಬರಿಗೂ ಬಿಡಿಸಿ ಹೇಳಿದೆ. ಅಮ್ಮ ಅತ್ತರು.

ಮಗಳು ಒಬ್ಬಳೇ ಇದ್ದಾಗ ಅವಳ ಜೊತೆ ಮಾತಾಡಿದೆ. "ಹಳೇ ಶಾಲೇಲಿ ನಾನು 'ಆ ತುಟಿ ಹುಡುಗನ ಅಕ್ಕ'. ಇಲ್ಲಿ ನನ್ನ ಹೆಸರು ಹಿಡಿದು ಕರೀತಾರೆ" ಎಂದಳು. ಇದು ಕೊಬ್ಬು ಅಲ್ಲ.

ಆ ಮನೆಯಲ್ಲಿ ಒಂದು ಪುಸ್ತಕವಿತ್ತು. ಆರ್. ಜೆ. ಪಲಾಸಿಯೊ ಬರೆದ, 2012ರಲ್ಲಿ ಪ್ರಕಟವಾದ ಇಂಗ್ಲಿಷ್ ಕಾದಂಬರಿ 'ವಂಡರ್'. ಮಾವ ತಮ್ಮನ ಹುಟ್ಟುಹಬ್ಬಕ್ಕೆ ಕೊಟ್ಟಿದ್ದರು, ಅವನು ಮುಟ್ಟಿರಲಿಲ್ಲ. ಅಲ್ವಾ ಮತ್ತೆ, 'ನಿನ್ನಂಥ ಹುಡುಗನ ಕಥೆ' ಅಂತ ಕೊಟ್ಟರೆ ಯಾವ ಮಗು ಓದುತ್ತದೆ? ನ್ಯೂಯಾರ್ಕಿನ ಹತ್ತು ವರ್ಷದ ಆಗೀಯ ಮುಖ ಹುಟ್ಟಿನಿಂದಲೇ ಬೇರೆ ಥರ. ಅವನು ಮೊದಲ ಸಲ ಶಾಲೆಗೆ ಹೋಗುತ್ತಾನೆ. ಆದರೆ ಕಥೆಯನ್ನು ಅವನೊಬ್ಬನೇ ಹೇಳುವುದಿಲ್ಲ. ಎರಡನೇ ಭಾಗ ಅಕ್ಕ ವಿಯಾಳದು. ತಮ್ಮ ಸೂರ್ಯ, ಮನೆಯವರೆಲ್ಲ ಅವನ ಸುತ್ತ ಸುತ್ತುವ ಗ್ರಹಗಳು ಅಂತಾಳೆ ಅವಳು. ಅವಳೂ ಹೊಸ ಹೈಸ್ಕೂಲು ಸೇರಿ, ಶಾಲೆಯ ನಾಟಕದ ವಿಷಯವನ್ನು ಮನೆಯಲ್ಲಿ ಮುಚ್ಚಿಡುತ್ತಾಳೆ. ಅದಕ್ಕೇ ಪುಸ್ತಕವನ್ನು ಅಕ್ಕನಿಗೆ ಕೊಡಿ ಎಂದೆ. ಅಮ್ಮನಿಗೆ ಇಂಗ್ಲಿಷ್ ಕಷ್ಟ. ದಿನಾ ರಾತ್ರಿ ಒಂದೆರಡು ಅಧ್ಯಾಯ ಮಗಳು ಕನ್ನಡದಲ್ಲಿ ಹೇಳಬೇಕು, ಅಮ್ಮ ಸುಮ್ನೆ ಕೇಳಬೇಕು. ಅಧ್ಯಾಯಗಳು ಪುಟ್ಟವು. "ನೋಡು, ನೀನೂ ಹೀಗಿರ್ಬೇಕು" ಅನ್ನುವಂತಿಲ್ಲ.

ಸ್ಕೂಲ್ ಡೇಗೆ ಈ ಸಲ ಅಮ್ಮ ಒಬ್ಬರೇ ಹೋಗಲಿ, ಮಗನಿಗೆ ಸುಳ್ಳು ನೆಪ ಬೇಡ, "ಇದು ನಾನು, ಅಕ್ಕ ಇಬ್ಬರೇ ಹೋಗೋ ದಿನ" ಅಂದರೆ ಸಾಕು ಎಂದೆ. ಅಪ್ಪನಿಗೆ ಇದು ಹಿಡಿಸಲಿಲ್ಲ. ಒತ್ತಾಯ ಮಾಡಿ ಕೈ ಹಿಡಿಸಿದರೆ ತಮ್ಮನ ಮೇಲೆ ಸಿಟ್ಟೇ ಜಾಸ್ತಿಯಾಗುತ್ತದೆ ಅನ್ನುವುದು ನನ್ನ ಅನುಭವ.

ಮಗಳಿಗೂ ಒಂದು ಗೆರೆ ಹಾಕಿದೆ. ಪುಸ್ತಕದಲ್ಲಿ ಆಗೀಯ ಗೆಳೆಯ ಜ್ಯಾಕ್, ಮುಖವಾಡ ಹಾಕಿಕೊಂಡ ಆಗೀ ಅಲ್ಲೇ ಕೂತಿರುವುದು ಗೊತ್ತಿಲ್ಲದೆ, ಬೇರೆ ಹುಡುಗರ ಜೊತೆ ಸೇರಿ ಅವನನ್ನು ಆಡಿಕೊಳ್ಳುತ್ತಾನೆ. "ತಮ್ಮನ ವಿಷಯ ಯಾವಾಗ ಹೇಳ್ಬೇಕು ಅನ್ನೋದು ನಿನಗೆ ಬಿಟ್ಟಿದ್ದು. ಯಾರಾದ್ರೂ ಅಂಥ ಮಕ್ಕಳನ್ನ ಆಡ್ಕೊಂಡಾಗ ಜೊತೆಗೆ ನಗೋ ಹಾಗಿಲ್ಲ" ಎಂದೆ. ಕೇಳಿದವರಿಗೆ ಹೇಳಲು ಒಂದು ಸಾಲನ್ನು ಅವಳೇ ಬರೆದಳು: "ಹುಟ್ಟುವಾಗ ತುಟಿ ಸೀಳಿತ್ತು, ಆಪರೇಷನ್ ಆಗಿದೆ, ಚೆಸ್‌ನಲ್ಲಿ ನನ್ನನ್ನೇ ಸೋಲಿಸ್ತಾನೆ."

ಪುಸ್ತಕದ ಬಗ್ಗೆ ನನಗೊಂದು ತಕರಾರಿದೆ. ಕೊನೆಗೆ ಆಗೀಗೆ ಪದಕ, ಎಲ್ಲರೂ ಎದ್ದು ನಿಂತು ಚಪ್ಪಾಳೆ. ನಿಜ ಜೀವನದಲ್ಲಿ ಸೀಳು ತುಟಿಯ ಮಗುವಿಗೆ ಬರೀ ಶಾಲೆಗೆ ಬಂದದ್ದಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ, ಹೊಡೆಯಲೂ ಬೇಕಿಲ್ಲ. ಇದನ್ನು ಹುಡುಗಿಗೆ ಹೇಳಿದಾಗ, "ನಂಗೂ ಅದು ಸಿನಿಮಾ ಥರ ಅನ್ನಿಸ್ತು ಮೇಡಂ" ಎಂದಳು.

ತಮ್ಮನಿಗೆ ಮುಂದೆ ವಸಡಿನ ಸೀಳಿಗೆ ಮೂಳೆ ಕೂರಿಸುವ ಆಪರೇಷನ್ ಇದೆ. ಆಗ ಮಗಳನ್ನು ಅಜ್ಜಿ ಮನೆಗೆ ಕಳಿಸಬೇಡಿ, ಡಾಕ್ಟರ್ ದಿನ ಗೊತ್ತು ಮಾಡಿದ ತಕ್ಷಣ ಅವಳಿಗೂ ತಿಳಿಸಿ, ಆಸ್ಪತ್ರೆಗೆ ಬರಲು ಇಷ್ಟವಾ ಅಂತ ಕೇಳಿ ಎಂದು ಅಮ್ಮನಿಗೆ ಹೇಳಿ ಕಳಿಸಿದೆ.