ತಿಂಗಳಿಗೆ 300 ರೂಪಾಯಿಯಲ್ಲಿ ಯಾರ ಪುಸ್ತಕ ಕೊಳ್ಳಲಿ?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಕೇಳಿದ್ದಾರೆ: “ನಾನು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಸಂಬಳ ತಿಂಗಳು ತಿಂಗಳು ಬರುವ ಖಾತ್ರಿ ಇಲ್ಲ. ಹೇಗೋ ಪುಸ್ತಕಕ್ಕೆಂದು 300 ರೂಪಾಯಿ ಎತ್ತಿಡುತ್ತೇನೆ. ಸಣ್ಣ ಪ್ರಕಾಶಕರನ್ನು ಉಳಿಸಿ ಎಂದು ನೀವೆಲ್ಲ ಬರೆಯುತ್ತೀರಿ. ಆನ್‌ಲೈನ್‌ನಲ್ಲಿ ಅದೇ ಪುಸ್ತಕ ಕಮ್ಮಿಗೆ ಸಿಗುವಾಗ ನಾನು ಪೂರ್ತಿ ಬೆಲೆ ಕೊಡಬೇಕೇ? ಲೈಬ್ರರಿಯಿಂದ ತಂದು ಓದಿದರೆ, ಹಳೇ ಪುಸ್ತಕ ಕೊಂಡರೆ, ಪಿಡಿಎಫ್ ಓದಿದರೆ ಅವರ ಹೊಟ್ಟೆ ಮೇಲೆ ಹೊಡೆದಂತೆಯೇ? ಪುಸ್ತಕ ಹಿಡಿಸದಿದ್ದರೂ ಬೆಂಬಲಕ್ಕೆಂದು ಕೊಳ್ಳಬೇಕೇ?” ಹೆಸರು ಹಾಕಬೇಡಿ ಎಂದಿದ್ದಾರೆ.

ಸಂಪಾದಕರ ಉತ್ತರ:

ಮೇಡಂ, ಸಂಬಳವೇ ನೆಟ್ಟಗೆ ಬಾರದವರು ಪ್ರಕಾಶಕರ ಚಿಂತೆಯಲ್ಲಿ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಕೈತುಂಬ ಸಂಬಳ ಎಣಿಸುವ ಎಷ್ಟೋ ಮಂದಿ ಬಿಡುಗಡೆ ಸಮಾರಂಭದಲ್ಲಿ ಗೌರವ ಪ್ರತಿಗೆ ಕೈಚಾಚುತ್ತಾರೆ. ಅವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಿಮಗೆ ಹುಟ್ಟಿದೆ. ಹಾಗಾಗಿ ಉತ್ತರ ಕೊಂಚ ಉದ್ದವಾದರೂ ಆಗಲಿ.

ನಿಮ್ಮ 300ನ್ನು 500 ಮಾಡಿ ಎಂದು ನಾನು ಹೇಳುವುದಿಲ್ಲ. ಅದೇ 300 ಯಾವ ದಾರಿಯಲ್ಲಿ ಹೋಗುತ್ತದೆ, ಯಾವಾಗ ಹೋಗುತ್ತದೆ ಅನ್ನುವುದರ ಮೇಲೆ ಪ್ರಕಾಶಕರ ಕೈಗೆ ಸಿಗುವುದು ನಿಂತಿದೆ. ಒಂದು ಅಂದಾಜು ಲೆಕ್ಕ ನೋಡಿ. 200 ರೂಪಾಯಿಯ ಕಥಾಸಂಕಲನ. ಡೆಮಿ ಸೈಜು, ಹತ್ತು ಫಾರಂ, ಅಂದರೆ 160 ಪುಟ. ಮಳಿಗೆಗೋ ವಿತರಕರಿಗೋ ಶೇ 30ರಿಂದ 40 ಕಮಿಷನ್ ಹೋಗುತ್ತದೆ. ಶೇ 35 ಅಂದುಕೊಂಡರೆ 70 ರೂಪಾಯಿ. ಲೇಖಕರಿಗೆ ಶೇ 10 ಗೌರವಧನ, 20 ರೂಪಾಯಿ. ಉಳಿದ 110ರಲ್ಲಿ ಕಾಗದ, ಅಚ್ಚು, ಬೈಂಡಿಂಗ್, ಡಿಟಿಪಿ, ಮುಖಪುಟದ ಚಿತ್ರ, ಪುಸ್ತಕ ಪೇರಿಸಿಟ್ಟ ಕೋಣೆಯ ಬಾಡಿಗೆ ಎಲ್ಲ ಹುಟ್ಟಬೇಕು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅನ್ನುವುದು ನಿಜ. ಆದರೆ ಕಾಗದಕ್ಕೂ ಅಚ್ಚಿಗೂ ಇದೆ, ಕಟ್ಟಿದ್ದನ್ನು ವಾಪಸ್ ಪಡೆಯುವ ದಾರಿ ಪ್ರಕಾಶಕರಿಗಿಲ್ಲ. ಹಿಂದೆ ಸಾವಿರ ಪ್ರತಿ ಹಾಕಿಸುತ್ತಿದ್ದವರು ಈಗ 500ಕ್ಕೆ, 300ಕ್ಕೆ ಇಳಿದಿದ್ದಾರೆ. ಪ್ರತಿ ಕಮ್ಮಿಯಾದಷ್ಟೂ ಒಂದೊಂದರ ಖರ್ಚು ಏರುತ್ತದೆ. ಇಷ್ಟಾಗಿ ಮಳಿಗೆಯಿಂದ ಹಣ ಬರುವುದು ಪುಸ್ತಕ ಮಾರಿಹೋದ ಮೇಲೆ. ಆರು ತಿಂಗಳೋ ವರ್ಷವೋ. ಪ್ರೆಸ್ಸಿನವರು ಅಲ್ಲಿಯವರೆಗೆ ಕಾಯುತ್ತಾರೆಯೇ?

ಈಗ ಅದೇ ಪುಸ್ತಕವನ್ನು ಪ್ರಕಾಶಕರಿಗೇ ಫೋನ್ ಮಾಡಿ ಕೇಳಿ. ನಂಬರು ಪುಸ್ತಕದ ಎರಡನೇ ಪುಟದಲ್ಲೋ ಬೆನ್ನಿನಲ್ಲೋ ಇದ್ದೇ ಇರುತ್ತದೆ. ಶೇ 10, 15 ಬಿಡುವವರು ಬೇಕಾದಷ್ಟು ಜನ ಇದ್ದಾರೆ. ನಿಮಗೆ 170ಕ್ಕೆ ಸಿಕ್ಕಿತು ಅನ್ನಿ. ಮಳಿಗೆಯ ಮೂಲಕ ಅವರಿಗೆ ಯಾವಾಗಲೋ 130 ಬರುತ್ತಿತ್ತು, ಈಗ 170 ಇವತ್ತೇ ಬಂತು. ನಿಮಗೂ 30 ಉಳಿಯಿತು. ಆನ್‌ಲೈನ್ ಕಂಪನಿಯ ರಿಯಾಯಿತಿಗೆ ನಾನು ಶಾಪ ಹಾಕುವವನಲ್ಲ. ಆದರೆ ಡೆಲಿವರಿ ಚಾರ್ಜ್ ಕೂಡಿಸಿ ನೋಡಿ. ಎಷ್ಟೋ ಕನ್ನಡ ಪುಸ್ತಕಗಳಿಗೆ ಅದು ನೇರ ತರಿಸಿದ್ದಕ್ಕಿಂತ ದುಬಾರಿಯೇ ಆಗಿರುತ್ತದೆ.

ಹಾಗಾದರೆ ಅಂಚೆ ಖರ್ಚು? ಇಲ್ಲೊಂದು ಕಥೆಯಿದೆ. ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ, ಪುಸ್ತಕಗಳನ್ನು ಕಮ್ಮಿ ದರದಲ್ಲಿ ಕಳಿಸುವ ಹಳೇ ರಿಜಿಸ್ಟರ್ಡ್ ಬುಕ್ ಪೋಸ್ಟನ್ನು ದಿಢೀರನೆ ನಿಲ್ಲಿಸಿಬಿಟ್ಟಿತು. ಸಣ್ಣ ಪ್ರಕಾಶಕರು ಕಂಗಾಲಾದರು. ಪುಸ್ತಕದ ಬೆಲೆಗೂ ಕಳಿಸುವ ಖರ್ಚಿಗೂ ಪೈಪೋಟಿ ಶುರುವಾಯಿತು. ಕೊನೆಗೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಅಂತ ಹೊಸದು ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ. ನಿಧಾನ, ಆದರೆ ಎಲ್ಲಿದೆ ಅಂತ ನೋಡಬಹುದು. ನಮ್ಮ 160 ಪುಟದ ಪುಸ್ತಕ 200 ಗ್ರಾಂ ಆಸುಪಾಸು ತೂಗುತ್ತದೆ. ಒಂದೇ ತರಿಸಿದರೆ ಅಂಚೆಗೆ 20 ರೂಪಾಯಿ ಚಿಲ್ಲರೆ. ಅಂಥ ಇಪ್ಪತ್ತು ಪುಸ್ತಕ ಒಟ್ಟಿಗೆ ತರಿಸಿದರೆ ಒಂದಕ್ಕೆ ಐದಾರು ರೂಪಾಯಿ. ನಿಮ್ಮ ಸ್ಟಾಫ್ ರೂಮಿನಲ್ಲಿ ಓದುವವರು ನಾಲ್ಕೈದು ಜನ ಸಿಗುವುದಿಲ್ಲವೇ? ಎರಡು ತಿಂಗಳಿಗೊಮ್ಮೆ ಒಂದೇ ಪಾರ್ಸೆಲ್ ತರಿಸಿಕೊಳ್ಳಿ, ಒಬ್ಬೊಬ್ಬರು ಬೇರೆ ಬೇರೆ ಪುಸ್ತಕ ಕೊಂಡು ಬದಲಾಯಿಸಿಕೊಂಡು ಓದಿ. ಹಾಗೆ ಕೈಬದಲಾಯಿಸುವುದರಿಂದ ಪ್ರಕಾಶಕರಿಗೆ ನಷ್ಟ ಅಂತ ವಾದಿಸುವವರಿದ್ದಾರೆ. ಸುಮ್ನೆ ಮಾತು ಅದು.

ಯಾರಿಂದ ತರಿಸುವುದು ಅಂದರೆ, ಗದಗದ ಲಡಾಯಿ, ಬಳ್ಳಾರಿಯ ಲೋಹಿಯಾ, ಶಿವಮೊಗ್ಗದ ಅಹರ್ನಿಶಿ, ಸಾಗರ ತಾಲ್ಲೂಕಿನ ಹೆಗ್ಗೋಡಿನ ಅಕ್ಷರ, ಬೆಂಗಳೂರಿನ ಅಭಿನವ, ಛಂದ. ಥಟ್ಟನೆ ಹೊಳೆದ ಹೆಸರುಗಳಿವು. ಬಿಟ್ಟವರು ಬೈಯಬಾರದು.

ಯಾವಾಗ ಕೊಳ್ಳಬೇಕು ಅನ್ನುವುದನ್ನು ಓದುಗರು ಯೋಚಿಸುವುದೇ ಕಮ್ಮಿ. ಪುಸ್ತಕ ಬರುವ ಮುಂಚೆ ಪ್ರಕಾಶಕರು ಮುಂಗಡ ಬುಕಿಂಗ್ ಅಂತ ರಿಯಾಯಿತಿ ಕೊಡುತ್ತಾರಲ್ಲ, ಆ ಹಣದಲ್ಲೇ ಪ್ರೆಸ್ಸಿನ ಬಿಲ್ಲು ತೀರುತ್ತದೆ. ಎರಡು ವರ್ಷ ಬಿಟ್ಟು ಕೊಂಡ ಹತ್ತು ಪ್ರತಿಗಿಂತ ಆ ವಾರ ಬಂದ ನಾಲ್ಕು ಆರ್ಡರ್ ಅವರಿಗೆ ದೊಡ್ಡದು. ಇದು ಹೊಸ ಉಪಾಯವೇನಲ್ಲ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದ್ದೇ ಚಂದಾದಾರರನ್ನು ನಂಬಿ. ವರ್ಷದ ಹಣ ಮೊದಲೇ ಕಟ್ಟಿದವರಿಗೆ ಪುಸ್ತಕ ಮನೆಗೆ ಬರುತ್ತಿತ್ತು. ಯಾವ ಪುಸ್ತಕ ಎಂಬ ಆಯ್ಕೆ ಮಾಲೆಯವರದು. ಆ ಧೈರ್ಯ ಇದ್ದದ್ದರಿಂದಲೇ 1961ರಲ್ಲಿ ಇನ್ನೂ ಹೆಸರಿಲ್ಲದ, 23ರ ಹುಡುಗ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು ಅವರು ಅಚ್ಚು ಹಾಕಿದ್ದು. ಗಿರಾಕಿ ಎದುರು ನೋಡುತ್ತಿದ್ದ ನಾಟಕವಲ್ಲ ಅದು.

ಇನ್ನು 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ. ಆ ಕಥೆಗಳ ಇಂಗ್ಲಿಷ್ ಸಂಕಲನ ‘ಹಾರ್ಟ್ ಲ್ಯಾಂಪ್’ ಅನ್ನು ಬ್ರಿಟನ್ನಿನಲ್ಲಿ ಪ್ರಕಟಿಸಿದ ‘ಅಂಡ್ ಅದರ್ ಸ್ಟೋರೀಸ್’ ಶೆಫೀಲ್ಡ್ ಊರಿನ ಒಂದು ಸಣ್ಣ ಸಂಸ್ಥೆ. ಅವರದೂ ಚಂದಾ ಪದ್ಧತಿಯೇ. ಚಂದಾದಾರರ ಹೆಸರನ್ನು ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕುತ್ತಾರೆ. ಹಾಸನದ ಕಥೆಗಾರ್ತಿಗೆ ಬುಕರ್ ಬಂದದ್ದರಲ್ಲಿ, ಪುಸ್ತಕ ಯಾವುದೆಂದು ಗೊತ್ತಾಗುವ ಮುಂಚೆಯೇ ಹಣ ಕಟ್ಟಿದ ಯಾರೋ ಇಂಗ್ಲಿಷ್ ಓದುಗರ ಪಾಲೂ ಇದೆ. ನಮ್ಮಲ್ಲಿ ಅಂಥ ಯೋಜನೆ ನಡೆಸುವ ಪ್ರಕಾಶಕರು ಕಂಡರೆ, ವರ್ಷಕ್ಕೆ ಒಬ್ಬರ ಚಂದಾ ಮಾತ್ರ ಕಟ್ಟಿ. ನಿಮ್ಮ ಬಜೆಟ್ಟಿಗೆ ಅಷ್ಟು ಸಾಕು.

ನಿಮ್ಮ ಊರಲ್ಲಿ ಒಳ್ಳೆಯ ಪುಸ್ತಕದಂಗಡಿ ಇದ್ದರೆ ಮಾತ್ರ ಈ ನೇರ ಖರೀದಿಯ ಲೆಕ್ಕವನ್ನು ಸ್ವಲ್ಪ ಮರೆಯಿರಿ. ಗೈಡು, ನೋಟ್‌ಬುಕ್ಕು ಮಾರುತ್ತ ಮೂಲೆಯಲ್ಲೊಂದು ಕಪಾಟು ಕಥೆ-ಕಾದಂಬರಿಗೆ ಬಿಟ್ಟ ಅಂಗಡಿಯವರು ಈಗ ಅಪರೂಪ. ಅಲ್ಲಿ ಒಂದು ಪುಸ್ತಕ ಹೋದರೆ ಇನ್ನೊಂದು ತರಿಸುತ್ತಾರೆ, ಅದು ಬೇರೆಯವರ ಕಣ್ಣಿಗೂ ಬೀಳುತ್ತದೆ.

ಲೈಬ್ರರಿಗೆ ಬರೋಣ. ಅಲ್ಲಿಂದ ತಂದು ಓದಿದರೆ ಪ್ರಕಾಶಕರಿಗೆ ದ್ರೋಹ ಅನ್ನುವುದು ತಲೆಕೆಳಗಾದ ಮಾತು. ಕನ್ನಡದ ಸಣ್ಣ ಪ್ರಕಾಶಕರಿಗೆ ದೊಡ್ಡ ಗಿರಾಕಿಯೇ ಗ್ರಂಥಾಲಯ ಇಲಾಖೆ. ಸಗಟು ಖರೀದಿಯಲ್ಲಿ ಒಂದೊಂದು ಪುಸ್ತಕದ ನೂರಾರು ಪ್ರತಿ ಹೋಗುತ್ತವೆ. ಆ ಖರೀದಿ ತಡವಾದ ವರ್ಷ, ಬಿಲ್ಲು ಬಾಕಿ ಉಳಿದ ವರ್ಷ ಅವರ ಹೊಸ ಪುಸ್ತಕಗಳೂ ನಿಲ್ಲುತ್ತವೆ. ಈ ದುಡ್ಡು ಎಲ್ಲಿಂದ ಬರುತ್ತದೆ ಗೊತ್ತೇ? 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ಶೇ 6 ಗ್ರಂಥಾಲಯ ಕರ ವಸೂಲಾಗುತ್ತದೆ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ್ದನ್ನು ಇಲಾಖೆಗೆ ದಾಟಿಸುವುದಿಲ್ಲ ಎಂಬ ದೂರು ಹಳೆಯದು. ಅದೇನೇ ಇರಲಿ, ಕಂದಾಯ ಕಟ್ಟುವ ಪ್ರತಿ ಮನೆಯೂ ಪುಸ್ತಕಕ್ಕೆ ದುಡ್ಡು ಕೊಟ್ಟೇ ಇದೆ. ಹೋಗಿ ಹಕ್ಕಿನಿಂದ ಓದಿ. ಊರಿನ ಗ್ರಂಥಾಲಯದಲ್ಲಿ, ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಬೇಕಾದ ಪುಸ್ತಕದ ಹೆಸರು ಬರೆದು ಕೊಡಿ. ಯಾರೂ ಕೇಳದ ಪುಸ್ತಕ ಯಾಕೆ ತರಿಸಬೇಕು ಅಂತ ಅವರೂ ಅಂದುಕೊಳ್ಳುತ್ತಾರೆ, ಅಲ್ವಾ?

ನಿಮ್ಮ ಕೈಯಲ್ಲಿ ಇನ್ನೂ ದೊಡ್ಡದೊಂದು ಇದೆ. ನಿಮ್ಮ ಕಾಲೇಜಿನ ಲೈಬ್ರರಿ. ವರ್ಷಕ್ಕೊಮ್ಮೆ ಖರೀದಿಗೆ ಹಣ ಬರುತ್ತದೆ. ಬಹಳ ಕಡೆ ಜಾಸ್ತಿ ಡಿಸ್ಕೌಂಟ್ ಕೊಡುವ ಒಬ್ಬ ಸಪ್ಲೈಯರ್ ತಂದು ಸುರಿದದ್ದೇ ಪುಸ್ತಕ. ಕನ್ನಡ ವಿಭಾಗದಿಂದ ಪಟ್ಟಿ ಕೇಳಿದಾಗ ಯಾರೂ ಬರೆದು ಕೊಟ್ಟಿರುವುದಿಲ್ಲ. ಕೊನೇ ಗಳಿಗೆಯಲ್ಲಿ ಹೋದ ವರ್ಷದ ಪಟ್ಟಿಯೇ ಮತ್ತೆ ಹೋಗುತ್ತದೆ. ಈ ಸಲ ನೀವು ಬರೆದು ಕೊಡಿ. ಪುಸ್ತಕ, ಲೇಖಕರು, ಪ್ರಕಾಶಕರು, ಬೆಲೆ, ಫೋನ್ ನಂಬರು ಇಷ್ಟಿದ್ದರೆ ಲೈಬ್ರರಿಯನ್‌ಗೂ ಕೆಲಸ ಹಗುರ. ಅತಿಥಿ ಉಪನ್ಯಾಸಕಿಯ ಮಾತು ಕೇಳುತ್ತಾರೆಯೇ ಎಂಬ ಅನುಮಾನ ಬೇಡ. ಸಿದ್ಧ ಪಟ್ಟಿಯನ್ನು ಬೇಡ ಅನ್ನುವ ವಿಭಾಗ ನಾನಂತೂ ನೋಡಿಲ್ಲ. ನಿಮ್ಮ 300ರಲ್ಲಿ ಆಗದ್ದು ಆ ಒಂದು ಹಾಳೆಯಲ್ಲಿ ಆಗುತ್ತದೆ.

ಪಿಡಿಎಫ್ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿ. ನಮ್ಮಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ನಿಮ್ಮ ಜಿಲ್ಲೆಯವರೇ ಆದ ಗಳಗನಾಥರು ಹೋಗಿದ್ದು 1942ರಲ್ಲಿ. ಅವರ ಕಾದಂಬರಿಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಅವರೂ ಮೇಷ್ಟ್ರೇ. ತಮ್ಮ ಪುಸ್ತಕವನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಕುವೆಂಪು ತೀರಿಕೊಂಡಿದ್ದು 1994ರಲ್ಲಿ, ಅವರದಕ್ಕೆ ಹಕ್ಕು ಇನ್ನೂ ಇದೆ. ಹೋದ ವರ್ಷ ಬಂದ ಪುಸ್ತಕವನ್ನು ಸ್ಕ್ಯಾನ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕುವುದು, ಅದಕ್ಕೆ ‘ಕನ್ನಡ ಸೇವೆ’ ಅಂತ ಹೆಸರಿಡುವುದು ಬೇರೆ ಮಾತು. 300 ಪ್ರತಿ ಹಾಕಿಸಿದ ಪ್ರಕಾಶಕರಿಗೆ ಅಂಥ ಒಂದು ಫೈಲು ಸಾಕು. ಬೆಲೆ ಹೊರೆಯಾದರೆ ಇ-ಪುಸ್ತಕ ನೋಡಿ. ಸಾಮಾನ್ಯವಾಗಿ ಅಗ್ಗ, ಅಂಚೆ ಖರ್ಚೂ ಇಲ್ಲ.

ಹಳೇ ಪುಸ್ತಕ ಧಾರಾಳವಾಗಿ ಕೊಳ್ಳಿ. ಮರುಮುದ್ರಣ ಕಾಣದ ಎಷ್ಟೋ ಪುಸ್ತಕ ಸಿಗುವುದೇ ಅಲ್ಲಿ. ನವೆಂಬರ್ ತಿಂಗಳ ರಾಜ್ಯೋತ್ಸವ ರಿಯಾಯಿತಿಗೂ ಕಾಯಿರಿ, ಅದರಲ್ಲಿ ನಾಚಿಕೆ ಏನಿಲ್ಲ.

ಹಿಡಿಸದ ಪುಸ್ತಕವನ್ನು ಬೆಂಬಲಕ್ಕೆಂದು ಕೊಳ್ಳಬೇಡಿ. ಸಣ್ಣ ಪ್ರಕಾಶಕರು ಅಂದ ಮಾತ್ರಕ್ಕೆ ಅಚ್ಚಾದದ್ದೆಲ್ಲ ಚಿನ್ನವಲ್ಲ. ಹೊಗಳಿಕೆಯ ಬೆನ್ನುಡಿ ಬಿಟ್ಟರೆ ಒಳಗೆ ಏನೂ ಇಲ್ಲದ ಪುಸ್ತಕ ನಮ್ಮ ಮೇಜಿನ ಮೇಲೂ ರಾಶಿ ಬೀಳುತ್ತವೆ. ಹಿಡಿಸಿದ್ದರೆ ಕ್ಲಾಸಿನಲ್ಲಿ ಒಂದು ಪುಟ ಓದಿ ಹೇಳಿ. ಹಿಡಿಸದಿದ್ದರೆ ಪ್ರಕಾಶಕರಿಗೆ ನಾಲ್ಕು ಸಾಲು ಬರೆಯಿರಿ. ಅಚ್ಚಿನ ತಪ್ಪು ಕಂಡರೆ ಪುಟ ಸಂಖ್ಯೆ ಹಾಕಿ ಕಳಿಸಿ. ಎಷ್ಟೋ ಕಡೆ ಕರಡು ತಿದ್ದುವವರೂ ಪಾರ್ಸೆಲ್ ಕಟ್ಟುವವರೂ ಒಬ್ಬರೇ. ಮರುಮುದ್ರಣದ ದಿನ ಅವರು ಹುಡುಕುವುದು ಅಂಥ ಪತ್ರಗಳನ್ನೇ.