ಕೀಚೈನ್ ಟಾರ್ಚ್: ಮೊದಲು ಸೆಲ್, ಆಮೇಲೆ ಎಲ್‌ಇಡಿ

ಕೀಚೈನ್ ಟಾರ್ಚಿನ ಬೆಳಕು ಮಂಕಾಗಿದೆ, 1 ವ್ಯಾಟ್ ಎಲ್‌ಇಡಿ ಹಾಕಬಹುದೇ ಅಂತ ಕೇಳಿದ್ದೀರಿ. ಬೆಳಕು ಮಂಕಾಗಿರುವುದಕ್ಕೆ ಕಾರಣ ಬಹುಶಃ ಎಲ್‌ಇಡಿ ಅಲ್ಲ, ಸೆಲ್. ನಿಮ್ಮದು ಎರಡು ಸಿಆರ್2016 (ನಾಣ್ಯದಂಥ ಚಪ್ಪಟೆ ಸೆಲ್) ಹಾಕುವ ಟಾರ್ಚ್ ಅಂದಿದ್ದೀರಿ. ಈ ಬಟನ್ ಸೆಲ್‌ಗಳಿಗೆ ಜಾಸ್ತಿ ಕರೆಂಟ್ ಕೊಡುವ ತಾಕತ್ತಿಲ್ಲ. ಹಾಗಾಗಿ ನೀವು ಕೇಳಿದ 1 ವ್ಯಾಟ್ ಎಲ್‌ಇಡಿ ಸುಮ್ನೆ ದಂಡ. ಅದಕ್ಕೆ ಸುಮಾರು 350 ಮಿಲಿಆಂಪ್ ಬೇಕು. ಈಗಿರುವ 5 ಎಂಎಂ ಎಲ್‌ಇಡಿಗೆ 20 ಸಾಕು.

ಮೊದಲು ಎರಡೂ ಸೆಲ್ ಒಟ್ಟಿಗೇ ಬದಲಿಸಿ. ಒಂದು ಹೊಸದು, ಒಂದು ಹಳೇದು ಬೇಡ. ಸೆಲ್ಲಿಗೆ ತಾಗುವ ತಗಡಿನ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ಕಪ್ಪು ಹೋಗಿ ಹೊಳೆಯಬೇಕು. ನನ್ನ ಟಾರ್ಚಿನ ತಕರಾರು ಅರ್ಧ ಇಲ್ಲಿಗೇ ಮುಗಿದಿತ್ತು.

ಇಷ್ಟಾದರೂ ತೊಗರಿ ಹೊಲದ ಆಚೆ ಬದಿಯ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿ ಕಾಣದಿದ್ದರೆ, 15 ಡಿಗ್ರಿ ಕೋನದ 5 ಎಂಎಂ ಬಿಳಿ ಎಲ್‌ಇಡಿ ಹಾಕಿ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದಾಗ ಬಿಡಿಭಾಗದ ಅಂಗಡಿಯಲ್ಲಿ ಕೇಳಿ ನೋಡಿ. ಬೆಳಕು ಒಂದೇ ಕಡೆ ಕೂಡಿ ದೂರ ಹೋಗುತ್ತದೆ, ಆದರೆ ಕಾಲಬುಡದಲ್ಲಿ ಕತ್ತಲೇ. ಹಳೆಯದನ್ನು ತೆಗೆಯುವ ಮೊದಲು ಪ್ಲಸ್ ಯಾವ ಕಡೆ ಅಂತ ಗುರುತು ಮಾಡಿಕೊಳ್ಳಿ. ಹೊಸದರಲ್ಲಿ ಉದ್ದ ಕಾಲೇ ಪ್ಲಸ್.

ಚಾರ್ಜ್ ಆಗುವ ಎಲ್‌ಐಆರ್2032 ಹಾಕುವ ಆಸೆ ಇದ್ದರೆ ಒಂದೇ ಹಾಕಿ. ದಪ್ಪ ಎರಡು 2016ರಷ್ಟೇ, ಸರಿಯಾಗಿ ಕೂರುತ್ತದೆ. ಅದು ತುಂಬಿದಾಗ 4.2 ವೋಲ್ಟ್ ಇರುತ್ತದೆ. ಒಳಗೆ ರೆಸಿಸ್ಟರ್ (ಕರೆಂಟ್ ಮಿತಿಯಲ್ಲಿಡುವ ಬಿಡಿಭಾಗ) ಇಲ್ಲದಿದ್ದರೆ ಎಲ್‌ಇಡಿಯ ಒಂದು ಕಾಲಿಗೆ 47 ಓಮ್‌ನದು ಬೆಸುಗೆ ಹಾಕಿ. ತೆಗೆದ ಹಳೇ ಸೆಲ್ ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ಜೀವಕ್ಕೇ ಅಪಾಯ.